ತುಪ್ಪ ಮರಳಿ ಬೆಣ್ಣೆಯಾದೀತೆ?

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದು, ನೆಲಮಂಗಲವನ್ನು ದಾಟಿ, ಡಾಬಸ್‌ಪೇಟೆಯ ಹತ್ತಿರಕ್ಕೆ ಬಂದರೆ ಎಡಗಡೆಯಲ್ಲಿ ಮೊನಚಾದ ಒಂದು ಕಲ್ಲುಬೆಟ್ಟ ಕಣ್ಣಿಗೆ ಬೀಳುತ್ತದೆ. ಅದೇ ಶಿವಗಂಗೆ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರ. ಪೂರ್ವದಿಂದ ನೋಡಿದವರಿಗೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ, ದಕ್ಷಿಣದಿಂದ ಲಿಂಗದಂತೆ ಕಾಣುತ್ತದೆಂದು ಹೇಳುವುದು ವಾಡಿಕೆ. ಜನರು ಇದನ್ನು ದಕ್ಷಿಣಕಾಶಿಯೆಂದು ಕರೆದಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ದೇಹವಿಟ್ಟದ್ದು ಇಲ್ಲಿಯೇ ಎಂದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುತ್ತದೆ.

ಇಷ್ಟು ಪ್ರಾಚೀನವಾದ ಈ ಕ್ಷೇತ್ರಕ್ಕೆ ಹೆಸರು ತಂದಿರುವ ಸಂಗತಿ ಇನ್ನೊಂದುಂಟು. ಬೆಟ್ಟದ ಗುಹಾಲಯದಲ್ಲಿರುವ ಗಂಗಾಧರೇಶ್ವರನ ಲಿಂಗದ ಮೇಲೆ ತುಪ್ಪವನ್ನು ಸವರಿ ಅಂಗೈಯಿಂದ ತಿಕ್ಕಿದರೆ ಅದು ಬೆಣ್ಣೆಯಾಗುತ್ತದೆ ಎಂಬುದು ಬಹು ಕಾಲದಿಂದ ಬಂದಿರುವ ಪ್ರತೀತಿ. ಭಕ್ತರು ತುಪ್ಪವನ್ನು ಕೊಂಡೊಯ್ಯುತ್ತಾರೆ; ಬೆಳ್ಳಗೆ ಮೃದುವಾದ ಪ್ರಸಾದವನ್ನು ತರುತ್ತಾರೆ.

ಇದರಲ್ಲಿ ಅಚ್ಚರಿಪಡುವುದೇನೆಂಬುದನ್ನು ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು ಮನೆಮನೆಯ ಕೆಲಸ. ತುಪ್ಪವನ್ನು ಬೆಣ್ಣೆ ಮಾಡಿದವರನ್ನು ಕಂಡವರಿಲ್ಲ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರ ಮಾತು ಗಾದೆಯಲ್ಲಿದೆ. ತುಪ್ಪ ಇಟ್ಟುಕೊಂಡು ಬೆಣ್ಣೆಗೆ ಅಲೆಯುವವರ ಮಾತು ಅಲ್ಲಿಯೂ ಇಲ್ಲ. ಆದಕಾರಣ ಶಿವಗಂಗೆಯ ಸಂಗತಿಯನ್ನು ಕೇಳಿ ಕೈಮುಗಿಯುವವರುಂಟು. ನಕ್ಕು ಸುಮ್ಮನಾಗುವವರೂ ಉಂಟು. ಕೈಮುಗಿಯುವುದಕ್ಕಾಗಲಿ ನಗುವುದಕ್ಕಾಗಲಿ ಮೊದಲು ನಾವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಅಲ್ಲಿ ಬದಲಾದದ್ದು ಏನು? ತುಪ್ಪದ ರೂಪವೋ, ತುಪ್ಪವೆಂಬ ದ್ರವ್ಯವೋ?

ರೂಪ ಮಾತ್ರ ಬದಲಾಗಿ ದ್ರವ್ಯ ಹಾಗೆಯೇ ಉಳಿದರೆ ಅದು ಭೌತ ಬದಲಾವಣೆ. ದ್ರವ್ಯವೇ ಬೇರೆಯಾಗಿ ಹೊಸ ಗುಣಗಳುಳ್ಳ ಹೊಸ ವಸ್ತು ಹುಟ್ಟಿದರೆ ಅದು ರಾಸಾಯನಿಕ ಬದಲಾವಣೆ. ಶಾಲೆಯ ಪುಸ್ತಕದಲ್ಲಿ ಇದು ಎರಡು ಸಾಲಿನ ಪಾಠ. ಆದರೆ ಆ ಎರಡು ಸಾಲುಗಳನ್ನು ಸರಿಯಾಗಿ ಬರೆಯುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ತುಪ್ಪದ ಪಾತ್ರೆಯನ್ನು ಮುಂದಿಟ್ಟುಕೊಂಡೇ ಹೇಳಬಹುದು.

ಮೊದಲು ಅಡಿಗೆಮನೆಯನ್ನು ನೋಡೋಣ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು, ಎಮ್ಮೆಯ ಹಾಲಿನಲ್ಲಿ ಆರೇಳು ಪಾಲು ಕೊಬ್ಬು ಇರುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹನಿಗಳಾಗಿ ಹಾಲಿನ ನೀರಿನಲ್ಲಿ ತೇಲುತ್ತಿರುತ್ತದೆ. ರಾತ್ರಿ ಹೆಪ್ಪು ಹಾಕುತ್ತೀರಿ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ. ಇದು ಜೀವಿಗಳ ಕೆಲಸವೆಂದು 1857ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಲೂಯಿ ಪಾಸ್ತರ್. ಹುಳಿ ಹೆಚ್ಚಿದಂತೆ ಹಾಲಿನ ಕೇಸೀನ್ ಎಂಬ ಸಸಾರಜನಕ ಒಡೆದು ಗಟ್ಟಿಯಾಗುತ್ತದೆ. ಬೆಳಗಾಗುವುದರೊಳಗೆ ಮೊಸರು. ಸಿಹಿಯಿದ್ದ ಕಡೆ ಹುಳಿ ಬಂದಿದೆ. ಸಕ್ಕರೆ ಹೋಗಿ ಆಮ್ಲವಾಗಿದೆ. ಇದು ನಿಸ್ಸಂದೇಹವಾಗಿ ರಾಸಾಯನಿಕ ಬದಲಾವಣೆ.

ಆ ಮೊಸರನ್ನು ಕಡೆಯುತ್ತೀರಿ. ಕಡೆಗೋಲಿನ ಹೊಡೆತಕ್ಕೆ ಕೊಬ್ಬಿನ ಹನಿಗಳನ್ನು ಸುತ್ತಿದ ತೆಳುವಾದ ಪೊರೆ ಹರಿದು, ಹನಿಗೆ ಹನಿ ಅಂಟಿಕೊಂಡು, ಬೆಣ್ಣೆ ಮೇಲಕ್ಕೆ ಬರುತ್ತದೆ. ಮಜ್ಜಿಗೆ ಕೆಳಗೆ ಉಳಿಯುತ್ತದೆ. ಇಲ್ಲಿ ಹೊಸ ವಸ್ತುವೇನೂ ಹುಟ್ಟಲಿಲ್ಲ. ಹಾಲಿನಲ್ಲಿದ್ದ ಕೊಬ್ಬೇ ಒಂದೆಡೆ ಸೇರಿತು. ಆದ್ದರಿಂದ ಕಡೆಯುವುದು ಭೌತ ಬದಲಾವಣೆ. ಬೆಣ್ಣೆಯಲ್ಲಿ ಕೊಬ್ಬಿನ ಪಾಲು ನೂರಕ್ಕೆ 80ಕ್ಕೂ ಮೇಲು. ಉಳಿದದ್ದರಲ್ಲಿ ಬಹುಪಾಲು ನೀರು, ಜೊತೆಗೆ ತುಸು ಹಾಲಿನ ಗಷ್ಟು.

ಇನ್ನು ಬೆಣ್ಣೆಯನ್ನು ಒಲೆಯ ಮೇಲಿಡಿ. ಅದು ಕರಗುತ್ತದೆ, ನೊರೆಯೇಳುತ್ತದೆ, ಚಟಪಟ ಸದ್ದು ಮಾಡುತ್ತದೆ. ಆ ಸದ್ದು ನೀರು ಆವಿಯಾಗುವ ಸದ್ದು. ಅದು ನಿಂತಿತೆಂದರೆ ನೀರು ಹೋಯಿತೆಂದು ಅನುಭವಸ್ಥರು ತಿಳಿಯುತ್ತಾರೆ. ಅದಾದ ಮೇಲೆ ಕಾವು ನೂರು ಡಿಗ್ರಿಯನ್ನು ಮೀರಿ ಏರುತ್ತದೆ. ತಳದಲ್ಲಿ ಗಸಿ ಕೆಂಪಗಾಗುತ್ತದೆ. ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕಿ ಇಳಿಸುತ್ತೀರಿ. ಇಲ್ಲಿ ಎರಡು ಕೆಲಸಗಳು ಒಂದೇ ಪಾತ್ರೆಯಲ್ಲಿ ನಡೆದುವು. ಕೊಬ್ಬು ಕರಗಿದ್ದು, ನೀರು ಬೇರೆಯಾದದ್ದು ಭೌತ ಬದಲಾವಣೆ. ಗಸಿ ಕೆಂಪಾದದ್ದು, ತುಪ್ಪದ ಆ ಘಮಘಮ ಪರಿಮಳ ಹುಟ್ಟಿದ್ದು ರಾಸಾಯನಿಕ ಬದಲಾವಣೆ. ಬೆಣ್ಣೆಯಲ್ಲಿ ಆ ಪರಿಮಳವಿರಲಿಲ್ಲವಷ್ಟೆ. ಆದರೆ ಪಾತ್ರೆಯಲ್ಲಿನ ಕೊಬ್ಬಿನ ಬಹುಪಾಲು, ಬೆಣ್ಣೆಯಲ್ಲಿ ಯಾವುದಿತ್ತೋ ಅದೇ.

ಈಗ ಶಿವಗಂಗೆಗೆ ಹಿಂತಿರುಗಿದರೆ ಸಂಗತಿ ಅರ್ಧ ತಿಳಿಯಾಗುತ್ತದೆ. ತುಪ್ಪ ಪೂರ್ತಿ ಕರಗಿ ನೀರಾಗುವುದು ನಮ್ಮ ಮೈಯ ಬಿಸಿಯ ಆಸುಪಾಸಿನಲ್ಲಿ. ಅದಕ್ಕಿಂತ ತಂಪಾದೆಡೆ ಅದು ಹೆಪ್ಪುಗಟ್ಟತೊಡಗುತ್ತದೆ. ನಿಧಾನವಾಗಿ ಆರಿದರೆ ಮರಳು ಮರಳಾಗಿ ಕೂಡುತ್ತದೆ. ತಂಪಾದ ಮೈಗೆ ತಾಗಿಸಿ ಬಿಡದೆ ತಿಕ್ಕಿದರೆ ದೊಡ್ಡ ಹರಳುಗಳು ಕಟ್ಟುವುದಕ್ಕೆ ಅವಕಾಶವಿಲ್ಲದೆ ಬಹು ಸಣ್ಣ ಹರಳುಗಳಾಗುತ್ತವೆ. ತಿಕ್ಕುವಾಗ ಗಾಳಿ ಸೇರುತ್ತದೆ. ಒದ್ದೆಯಿದ್ದರೆ ನೀರೂ ಸೇರುತ್ತದೆ. ಈ ಸಣ್ಣ ಹರಳುಗಳೂ ಗಾಳಿಯ ಗುಳ್ಳೆಗಳೂ ನೀರಿನ ಹನಿಗಳೂ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಹಳದಿಯ ತುಪ್ಪ ಬೆಳ್ಳಗೆ ಕಾಣುತ್ತದೆ, ಬೆಣ್ಣೆಯಂತೆ ಮೃದುವಾಗುತ್ತದೆ. ನಾಲ್ಕೂವರೆ ಸಾವಿರ ಅಡಿಯ ಬೆಟ್ಟದಲ್ಲಿ, ಬಿಸಿಲು ಕಾಣದ ಗುಹೆಯೊಳಗಿನ ಕಲ್ಲು ತಂಪಾಗಿರುವುದು ಸಹಜವೇ.

ನಮ್ಮ ಆಯುರ್ವೇದಕ್ಕೆ ಈ ವಿದ್ಯೆ ಹೊಸದಲ್ಲ. ಶತಧೌತ ಘೃತವೆಂಬ ಔಷಧದ ಹೆಸರನ್ನು ನೀವು ಕೇಳಿರಬಹುದು. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ತಣ್ಣೀರು ಹಾಕಿ ಉಜ್ಜಿ, ನೀರನ್ನು ಬಸಿದು, ಮತ್ತೆ ನೀರು ಹಾಕಿ ಉಜ್ಜಿ, ಹೀಗೆ ನೂರು ಸಲ ತೊಳೆದರೆ ತುಪ್ಪ ಹಿಟ್ಟಿನಂತೆ ಬೆಳ್ಳಗಾಗಿ, ಬೆಣ್ಣೆಗಿಂತಲೂ ನುಣುಪಾಗುತ್ತದೆ. ಸುಟ್ಟ ಗಾಯಕ್ಕೂ ಚರ್ಮದ ಉರಿಗೂ ಹಚ್ಚಲು ವೈದ್ಯರು ಇದನ್ನು ಬಳಸುತ್ತ ಬಂದಿದ್ದಾರೆ. ಇಲ್ಲಿ ನಡೆಯುವುದು ಮುಖ್ಯವಾಗಿ ತುಪ್ಪವೂ ನೀರೂ ಬೆರೆತು ಒಂದಾಗುವ ಕೆಲಸ. ಸ್ವಲ್ಪ ತೆಗೆದುಕೊಂಡು ಬಿಸಿ ಮಾಡಿದರೆ ನೀರು ಬೇರೆಯಾಗಿ ತುಪ್ಪ ಮರಳಿ ಕಾಣಿಸಿಕೊಳ್ಳುತ್ತದೆ.

ಅಂದಮೇಲೆ ಲಿಂಗದ ಮೇಲೆ ಆಗುವುದು ಬೆಣ್ಣೆಯೆ? ಕೊಬ್ಬಿನ ಲೆಕ್ಕದಲ್ಲಿ ಹೌದೆನ್ನಬೇಕು, ಏಕೆಂದರೆ ಬೆಣ್ಣೆಯ ಕೊಬ್ಬೂ ತುಪ್ಪದ ಕೊಬ್ಬೂ ಒಂದೇ. ಆದರೆ ಒಲೆಯ ಮೇಲೆ ಕೆಂಪಾಗಿ ತಳ ಸೇರಿದ ಹಾಲಿನ ಗಷ್ಟು ಯಾವ ಕಲ್ಲಿನ ಮೇಲೆ ತಿಕ್ಕಿದರೂ ಹಿಂತಿರುಗಿ ಬರುವುದಿಲ್ಲ. ಮರಳಿ ಬಂದದ್ದು ಬೆಣ್ಣೆಯ ರೂಪ. ಭಕ್ತನಿಗೆ ಅದು ಪ್ರಸಾದ. ಅವನ ಭಕ್ತಿಗೆ ರಸಾಯನಶಾಸ್ತ್ರ ಅಡ್ಡಿ ಬರುವುದಿಲ್ಲ. ಶಾಸ್ತ್ರಕ್ಕೆ ಅದು ಭೌತ ಬದಲಾವಣೆಗೆ ಒಂದು ಸೊಗಸಾದ ನಿದರ್ಶನ.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿರಲಿಲ್ಲವೆಂದು ಭಾವಿಸಬೇಡಿ. ನಮ್ಮ ದರ್ಶನಗಳ ಚರ್ಚೆಯಲ್ಲಿ ಎರಡು ಉಪಮಾನಗಳು ಮತ್ತೆ ಮತ್ತೆ ಬರುತ್ತವೆ. ಒಂದು ಚಿನ್ನ ಮತ್ತು ಒಡವೆ. ಇನ್ನೊಂದು ಹಾಲು ಮತ್ತು ಮೊಸರು. ಅವರ ವಾದ ಜಗತ್ತಿಗೂ ಬ್ರಹ್ಮಕ್ಕೂ ಇರುವ ಸಂಬಂಧವನ್ನು ಕುರಿತದ್ದು, ನಿಜ. ಆದರೆ ಉಪಮಾನವನ್ನು ಆರಿಸಿದ್ದು ಮನೆಯಿಂದ, ಅಕ್ಕಸಾಲೆಯ ಕುಲುಮೆಯಿಂದ. 1479ರಿಂದ 1531ರ ವರೆಗೆ ಬಾಳಿದ ವಲ್ಲಭಾಚಾರ್ಯರು ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು. ಕಡಗವನ್ನು ಕರಗಿಸಿದರೆ ಮರಳಿ ಚಿನ್ನ. ಚಿನ್ನಕ್ಕೆ ವಿಕಾರವೇನೂ ಆಗಿರಲಿಲ್ಲ. ಮೊಸರಾದ ಹಾಲು ಮರಳಿ ಹಾಲಾಗದು. ಅದು ವಿಕಾರ ಹೊಂದಿತು. ಬ್ರಹ್ಮವು ಜಗತ್ತಾಗುವುದು ಚಿನ್ನವು ಒಡವೆಯಾದಂತೆ, ಅದು ಅವಿಕೃತ ಪರಿಣಾಮ ಎಂಬುದು ಅವರ ಮತ. ವಿಜಯನಗರದಲ್ಲಿ ಕೃಷ್ಣದೇವರಾಯನ ಸಭೆಯಲ್ಲಿ ಅವರಿಗೆ ಕನಕಾಭಿಷೇಕವಾಯಿತೆಂದು ಸಂಪ್ರದಾಯ ಹೇಳುತ್ತದೆ. ಅವರ ವೇದಾಂತ ಹೇಗೆಯೇ ಇರಲಿ, ನಮ್ಮ ಇಂದಿನ ಪ್ರಶ್ನೆಗೆ ಬೇಕಾದ ಗೆರೆಯನ್ನು ಅವರು ಎಳೆದಿದ್ದರೆಂಬುದು ಗಮನಿಸತಕ್ಕ ಮಾತು.

ಇನ್ನೊಂದು ಚರ್ಚೆ ಕುಂಬಾರನ ಆವಿಗೆಯ ಮುಂದೆ ನಡೆಯಿತು. ಹಸಿ ಮಡಕೆ ಒಡೆದರೆ ನೀರಿನಲ್ಲಿ ನೆನೆಸಿ ಮತ್ತೆ ತಿಗರಿಗೆ ಹಾಕಬಹುದು. ಸುಟ್ಟ ಮಡಕೆ ಒಡೆದರೆ ಬರಿಯ ಬೋಕಿ. ಎಷ್ಟು ದಿನ ನೆನೆಸಿದರೂ ಅದು ಜೇಡಿಮಣ್ಣಾಗದು. ಹಾಗಾದರೆ ಬೆಂಕಿಯಲ್ಲಿ ಆದದ್ದೇನು? ವೈಶೇಷಿಕರು ಹೇಳಿದರು: ಬೆಂಕಿಯ ಹೊಡೆತಕ್ಕೆ ಮಡಕೆ ಪರಮಾಣುಗಳಾಗಿ ಬಿಚ್ಚಿಹೋಗುತ್ತದೆ, ಪರಮಾಣುಗಳಲ್ಲಿ ಹಳೆಯ ಬಣ್ಣ ಹೋಗಿ ಕೆಂಪು ಹುಟ್ಟುತ್ತದೆ, ಬಳಿಕ ಅವು ಮತ್ತೆ ಕೂಡಿ ಮಡಕೆಯಾಗುತ್ತವೆ. ಇದಕ್ಕೆ ಪೀಲುಪಾಕವೆಂದು ಹೆಸರು. ನೈಯಾಯಿಕರು ಒಪ್ಪಲಿಲ್ಲ: ನಾವು ನೋಡುತ್ತಿರುವ ಹಾಗೆಯೇ ಮಡಕೆ ಇದ್ದಲ್ಲಿಯೇ ಇದ್ದು ಕೆಂಪಾಗುತ್ತದೆ, ಅದರ ಮೇಲೆ ಪೇರಿಸಿದ ಮಡಕೆಗಳು ಕುಸಿಯುವುದಿಲ್ಲವಲ್ಲ ಎಂದರು. ಇದು ಪಿಠರಪಾಕ. ಕಣ್ಣಿಗೆ ಕಾಣುವುದನ್ನು ಒಂದು ಪಕ್ಷ ಹಿಡಿಯಿತು, ಕಾಣದ ಕಣಗಳಲ್ಲಿ ಕಾರಣವನ್ನು ಇನ್ನೊಂದು ಪಕ್ಷ ಹುಡುಕಿತು. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. 1909ರಲ್ಲಿ ಬಂದ ಎರಡನೆಯ ಸಂಪುಟದಲ್ಲಿ ಬ್ರಜೇಂದ್ರನಾಥ ಸೀಲರು ಇಂಥ ವಾದಗಳನ್ನು ವಿವರಿಸಿದ್ದಾರೆ. ಅದೇ ಸೀಲರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು.

ಇಷ್ಟು ಸೂಕ್ಷ್ಮವಾದ ವಾದ ಮುಂದುವರಿಯದೆ ನಿಂತದ್ದೇಕೆ? ಅದನ್ನು ತೀರ್ಮಾನಿಸುವ ಸಾಧನವಾಗಿ ತಕ್ಕಡಿಯನ್ನು ಯಾರೂ ಮುಂದಕ್ಕೆ ತರಲಿಲ್ಲ. ಅದನ್ನು ತಂದವರು ಹದಿನೆಂಟನೆಯ ಶತಮಾನದವರು.

ಆ ಕಾಲದ ಯೂರೋಪಿನಲ್ಲಿ ನೀರು ಕುದಿದು ಕುದಿದು ಮಣ್ಣಾಗುತ್ತದೆಂಬ ನಂಬಿಕೆಯಿತ್ತು. ಎಷ್ಟು ಶುದ್ಧವಾದ ನೀರನ್ನು ಗಾಜಿನ ಪಾತ್ರೆಯಲ್ಲಿ ಕಾಯಿಸಿದರೂ ತಳದಲ್ಲಿ ಸ್ವಲ್ಪ ಪುಡಿ ಉಳಿಯುತ್ತಿತ್ತು. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ? ಪ್ಯಾರಿಸಿನ ಲವಾಸಿಯೆ 1768ರಲ್ಲಿ ಒಂದು ಗಾಜಿನ ಪಾತ್ರೆಯನ್ನು ತೂಗಿದ. ಬಟ್ಟಿಯಿಳಿಸಿದ ನೀರನ್ನು ತೂಗಿ ಅದರಲ್ಲಿ ಹಾಕಿದ. ಬಾಯನ್ನು ಮುಚ್ಚಿ 101 ದಿನ ಕಾಯಿಸಿದ. ಕೊನೆಗೆ ಒಟ್ಟು ತೂಕ ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ. ಬರಿಯ ಪಾತ್ರೆಯನ್ನು ತೂಗಿದಾಗ ಅದರ ತೂಕ ಇಳಿದಿತ್ತು. ತಳದ ಪುಡಿ ಬಂದದ್ದು ಗಾಜಿನಿಂದ! ನೀರು ನೀರಾಗಿಯೇ ಉಳಿದಿತ್ತು. ಕುದಿಯುವುದು ನೀರಿನ ಪಾಲಿಗೆ ಭೌತ ಬದಲಾವಣೆಯೆಂಬುದನ್ನು ತಕ್ಕಡಿ ಹೀಗೆ ತೋರಿಸಿಕೊಟ್ಟಿತು. ಇದೇ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ, ಯಾವ ಬದಲಾವಣೆಯಲ್ಲಿಯೂ ದ್ರವ್ಯದ ಒಟ್ಟು ಮೊತ್ತ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲವೆಂಬ ನಿಯಮವನ್ನು ಹೇಳಿದ. ಐದು ವರ್ಷದ ಮೇಲೆ, 1794ರಲ್ಲಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅವನ ತಲೆ ಉರುಳಿತು.

ಇದಕ್ಕೆ ಮುಂಚೆಯೇ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸುಣ್ಣದ ಗುಟ್ಟನ್ನು ತಕ್ಕಡಿಯಿಂದಲೇ ಬಿಡಿಸಿದ್ದ. ಆತನ ಪ್ರಬಂಧ 1756ರಲ್ಲಿ ಅಚ್ಚಾಯಿತು. ನೂರು ತೂಕದ ಶುದ್ಧ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ 56 ತೂಕದ ಸುಟ್ಟಸುಣ್ಣ ಉಳಿಯುತ್ತದೆ. 44 ತೂಕದ ಇಂಗಾಲಾಮ್ಲ ಅನಿಲ ಹಾರಿಹೋಗುತ್ತದೆ. ನೀರು ಹಾಕಿದರೆ ಅದು ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಅದೇ ಅನಿಲವನ್ನು ಮರಳಿ ಹೀರಿಕೊಂಡು ಕಲ್ಲಿನ ದ್ರವ್ಯವೇ ಆಗಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮರಳಿ ಬರುವುದು ಭೌತ, ಬಾರದಿರುವುದು ರಾಸಾಯನಿಕ ಎಂದು ಮಕ್ಕಳಿಗೆ ಹೇಳಿಕೊಡುವ ರೂಢಿಯಿದೆ. ಚಿನ್ನ ಮತ್ತು ಮೊಸರಿಗೆ ಅದು ಒಪ್ಪುತ್ತದೆ. ಸುಣ್ಣಕ್ಕೆ ಒಪ್ಪುವುದಿಲ್ಲ: ಮೂರು ರಾಸಾಯನಿಕ ಬದಲಾವಣೆಗಳನ್ನು ದಾಟಿ ಅದು ಹೊರಟ ಊರಿಗೇ ಬಂದು ಸೇರುತ್ತದೆ. ಅಕ್ಕಿಯನ್ನು ಬೀಸಿದರೆ ಹಿಟ್ಟು ಮರಳಿ ಅಕ್ಕಿಯಾಗದು; ಆದರೂ ಅದು ಭೌತ ಬದಲಾವಣೆಯೇ. ಹೀಗಾಗಿ ಮರಳಿ ಬಂತೆ ಎನ್ನುವ ಪ್ರಶ್ನೆ ಒಂದು ಸೂಚನೆ ಮಾತ್ರ. ಅದೇ ದ್ರವ್ಯ ಉಳಿದಿದೆಯೆ, ಬೇರೆಯಾಯಿತೆ ಎನ್ನುವುದೇ ಕೊನೆಯ ಪ್ರಶ್ನೆ. ಬಣ್ಣ ತಿರುಗುವುದು, ಗುಳ್ಳೆಯೇಳುವುದು, ಬಿಸಿಯಾಗುವುದು, ವಾಸನೆ ಹುಟ್ಟುವುದು, ಇವೆಲ್ಲ ಸಾಕ್ಷಿಗಳು. ಸಾಕ್ಷಿಗಳಲ್ಲಿ ಸುಳ್ಳು ಹೇಳುವವರೂ ಇರುತ್ತಾರೆ. ಎರಡರ ನಡುವಣ ಗೆರೆಯೂ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ನೀರಿನಲ್ಲಿ ಉಪ್ಪು ಕರಗುವುದನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬ ಬಗ್ಗೆ ಅಧ್ಯಾಪಕರಲ್ಲಿಯೇ ಭಿನ್ನಾಭಿಪ್ರಾಯ ಉಂಟು.

ಮತ್ತೆ ಕೊಬ್ಬಿನ ಕಡೆಗೆ ಬರೋಣ. ಕೊಬ್ಬಿನ ಒಳಗೇನಿದೆಯೆಂಬುದನ್ನು ಕಂಡುಹಿಡಿದ ಕೀರ್ತಿ ಫ್ರಾನ್ಸಿನ ಶೆವ್ರಲ್‌ನದು. 1786ರಲ್ಲಿ ಹುಟ್ಟಿ 1889ರಲ್ಲಿ ತನ್ನ 102ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ದೀರ್ಘಾಯು ಸಾಬೂನನ್ನು ಪರೀಕ್ಷಿಸಲು ಹೊರಟು ಕೊಬ್ಬಿನ ರಹಸ್ಯಕ್ಕೆ ತಲುಪಿದ. 1823ರಲ್ಲಿ ಅವನ ದೊಡ್ಡ ಗ್ರಂಥ ಹೊರಬಂದಿತು. ಎಣ್ಣೆಯಾಗಲಿ ಬೆಣ್ಣೆಯಾಗಲಿ, ಕೊಬ್ಬೆಂಬುದು ಕೆಲವು ಆಮ್ಲಗಳೂ ಗ್ಲಿಸರಿನ್ ಎಂಬ ಸಿಹಿಯಾದ ದ್ರವವೂ ಸೇರಿ ಆದ ವಸ್ತು. ಕ್ಷಾರವನ್ನು ಹಾಕಿ ಕುದಿಸಿದರೆ ಆಮ್ಲಗಳು ಕ್ಷಾರದೊಡನೆ ಕೂಡಿ ಸಾಬೂನಾಗುತ್ತವೆ, ಗ್ಲಿಸರಿನ್ ಬಿಡುಗಡೆಯಾಗುತ್ತದೆ ಎಂದು ಆತ ತೋರಿಸಿದ. ಬೆಣ್ಣೆಯಲ್ಲಿ ಮಾತ್ರ ಬ್ಯೂಟಿರಿಕ್ ಎಂಬ ಒಂದು ವಿಶೇಷ ಆಮ್ಲವಿರುವುದನ್ನೂ ಕಂಡ. ತುಪ್ಪ ಹಳಸಿ ಕಮಟು ಹಿಡಿದಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಈ ಆಮ್ಲದ ಪಾಲು ಇರುತ್ತದೆ. ಕಮಟು ಹಿಡಿಯುವುದೂ ರಾಸಾಯನಿಕ ಬದಲಾವಣೆಯೇ. ಆರಿ ಗಟ್ಟಿಯಾದ ತುಪ್ಪವನ್ನು ಬಿಸಿಮಾಡಿ ಸರಿಪಡಿಸಬಹುದು. ಕಮಟು ತುಪ್ಪವನ್ನು ಬಿಸಿಮಾಡಿದರೆ ಕಮಟು ಹೋಗುವುದಿಲ್ಲ.

ಶೆವ್ರಲ್ ಹೇಳಿದ್ದು ಕೈಗಾರಿಕೆಯಾಗಿ ನಮ್ಮ ನಾಡಿಗೂ ಬಂದಿತು. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರಿನ ಗಂಧದ ಮರವನ್ನು ಯೂರೋಪಿಗೆ ಕಳುಹಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. 1918ರಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಬಂದಿತು. ಅದನ್ನು ಕಟ್ಟುವುದರಲ್ಲಿ ದುಡಿದ ತಜ್ಞರು ಸೋಸಲೆ ಗರಳಪುರಿ ಶಾಸ್ತ್ರಿಗಳು. 1957ರಲ್ಲಿ ಆ ಕಾರ್ಖಾನೆ ನೆಲಮಂಗಲದ ಕಡೆಗೆ ಹೋಗುವ ಹೆದ್ದಾರಿಯ ಬದಿಗೆ, ರಾಜಾಜಿನಗರಕ್ಕೆ ಬಂದು ನೆಲೆಸಿತು. ಆ ದಾರಿಯಲ್ಲಿ ಹೋಗುವವರು ಈ ಎರಡು ಕೆಲಸಗಳನ್ನು ಹೋಲಿಸಿ ನೋಡಬೇಕು. ಗಂಧದ ಚಕ್ಕೆಗೆ ಹಬೆ ಹಾಯಿಸಿ ಎಣ್ಣೆ ತೆಗೆಯುವುದು ಭೌತ ಕ್ರಿಯೆ. ಮರದಲ್ಲಿದ್ದ ಎಣ್ಣೆಯೇ ಹಬೆಯನ್ನೇರಿ ಹೊರಬರುತ್ತದೆ. ಕೊಬ್ಬನ್ನೂ ಕ್ಷಾರವನ್ನೂ ಕುದಿಸಿ ಸಾಬೂನು ಮಾಡುವುದು ರಾಸಾಯನಿಕ ಕ್ರಿಯೆ. ಜಿಡ್ಡು ಹತ್ತಿಸುವ ವಸ್ತುವಿನಿಂದ ಜಿಡ್ಡು ತೆಗೆಯುವ ವಸ್ತು ಹುಟ್ಟುತ್ತದೆ. ನಿಮ್ಮ ಸ್ನಾನದ ಮನೆಯ ಬಿಲ್ಲೆಯಲ್ಲಿ ಎರಡೂ ಸೇರಿವೆ.

ಈಗ ಈ ವಿವೇಚನೆ ಪಂಡಿತರ ಚರ್ಚೆಯಾಗಿ ಉಳಿಯದೆ ನಿಮ್ಮ ಊಟದ ಎಲೆಗೇ ಬರುತ್ತದೆ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಎಣ್ಣೆ. 1902ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಬೇರೊಂದು ಬಗೆಯಲ್ಲಿ ಎಣ್ಣೆಯನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಾದ ಎಣ್ಣೆಗೆ ನಿಕ್ಕಲ್ ಲೋಹದ ಪುಡಿಯ ಸಮ್ಮುಖದಲ್ಲಿ ಜಲಜನಕ ಅನಿಲವನ್ನು ಹಾಯಿಸಿದರೆ, ಜಲಜನಕ ಎಣ್ಣೆಯ ಅಣುಗಳೊಳಗೆ ಸೇರಿಕೊಂಡು, ತೆಳ್ಳಗಿನ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇದೇ ವನಸ್ಪತಿ. 1937ರಿಂದ ಡಾಲ್ಡಾ ಎಂಬ ಹೆಸರಿನಲ್ಲಿ ನಮ್ಮ ದೇಶದ ಮನೆಮನೆಯನ್ನೂ ಅದು ಹೊಕ್ಕಿತು. ನೋಡುವವರಿಗೆ ಎರಡೂ ಒಂದೇ: ಎಣ್ಣೆ ಗಟ್ಟಿಯಾಯಿತು. ಆದರೆ ವನಸ್ಪತಿಯನ್ನು ಬಿಸಿಲಿಗಿಟ್ಟು ಕರಗಿಸಿದರೆ ಅದು ಕರಗಿದ ವನಸ್ಪತಿಯೇ ಹೊರತು ಕಡಲೆಕಾಯಿ ಎಣ್ಣೆಯಲ್ಲ. ಆರಿದೊಡನೆ ಮತ್ತೆ ಗಟ್ಟಿ. ಕೊಬ್ಬರಿ ಎಣ್ಣೆಗೆ ಆದದ್ದು ಭೌತ ಬದಲಾವಣೆ, ಇದಕ್ಕೆ ಆದದ್ದು ರಾಸಾಯನಿಕ.

ಬೆಳ್ಳಗೆ, ಗಟ್ಟಿಯಾಗಿ, ಅಗ್ಗವಾಗಿ ಸಿಕ್ಕುವ ಈ ವಸ್ತು ತುಪ್ಪದ ಡಬ್ಬಿಯೊಳಗೆ ಸೇರಿಕೊಳ್ಳುವುದಕ್ಕೆ ತಡವಾಗಲಿಲ್ಲ. ಮಗುವಿಗೂ ಬಾಣಂತಿಗೂ ಎಂದು ಹೊಟ್ಟೆ ಕಟ್ಟಿ ಕೊಂಡ ತುಪ್ಪದಲ್ಲಿ ಅರ್ಧ ವನಸ್ಪತಿ ಇದ್ದರೆ ಮೋಸ ಹೋದವರು ಬಡವರೇ. ಕಣ್ಣಿನಿಂದ ಇದನ್ನು ಹಿಡಿಯಲಾಗದು, ಕರಗಿಸಿ ಆರಿಸಿಯೂ ಹಿಡಿಯಲಾಗದು. ರಸಾಯನಶಾಸ್ತ್ರ ಎರಡು ಉಪಾಯಗಳನ್ನು ಕೊಟ್ಟಿತು. ಒಂದು, ಶೆವ್ರಲ್ ಕಂಡ ಬ್ಯೂಟಿರಿಕ್ ಮೊದಲಾದ ಆಮ್ಲಗಳನ್ನು ಅಳೆಯುವುದು. ಪ್ರಯೋಗಶಾಲೆಗಳಲ್ಲಿ ಇದನ್ನು ರೈಖರ್ಟ್–ಮೈಸ್ಲ್ ಸಂಖ್ಯೆಯೆನ್ನುತ್ತಾರೆ. ಶುದ್ಧವಾದ ತುಪ್ಪದಲ್ಲಿ ಇದು ಸಾಮಾನ್ಯವಾಗಿ 24ರಿಂದ 30ರ ಸುಮಾರಿನಲ್ಲಿರುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚುಕಡಮೆ ಸೊನ್ನೆ.

ಎರಡನೆಯ ಉಪಾಯ ಇನ್ನೂ ಜಾಣತನದ್ದು. ಆಹಾರ ಕಲಬೆರಕೆಯನ್ನು ತಡೆಯುವ 1954ರ ಕಾಯಿದೆಯ ನಿಯಮಗಳಲ್ಲಿ, ವನಸ್ಪತಿಯಲ್ಲಿ ತಕ್ಕಷ್ಟು ಎಳ್ಳೆಣ್ಣೆ ಸೇರಿರಲೇಬೇಕೆಂದು ವಿಧಿಸಲಾಯಿತು. ಎಳ್ಳೆಣ್ಣೆಯಿಂದ ಯಾರಿಗೂ ಕೇಡಿಲ್ಲ. ಅದು ಒಳಗೆ ಕುಳಿತ ಸಾಕ್ಷಿ. ಪರೀಕ್ಷಕರು ಕರಗಿಸಿದ ತುಪ್ಪಕ್ಕೆ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಫರ್ಫ್ಯುರಾಲ್ ಎಂಬ ದ್ರವವನ್ನೂ ಸೇರಿಸಿ ಕುಲುಕಿದರೆ, ಎಳ್ಳೆಣ್ಣೆಯಿರುವ ಕಡೆ ಕೆಂಪು ಬಣ್ಣ ತೋರುತ್ತದೆ. ಇದಕ್ಕೆ ಬೋದೂಅಂ ಪರೀಕ್ಷೆಯೆಂದು ಹೆಸರು. ಒಂದು ರಾಸಾಯನಿಕ ಬದಲಾವಣೆಯಿಂದ ಹುಟ್ಟಿದ ವಸ್ತುವನ್ನು ಇನ್ನೊಂದು ರಾಸಾಯನಿಕ ಬದಲಾವಣೆ ಹಿಡಿದುಕೊಟ್ಟಿತು. ಈ ಆಮ್ಲ ಕೈಯನ್ನೂ ಕಣ್ಣನ್ನೂ ಸುಡುವಂಥದು. ಮನೆಯಲ್ಲಿ ಮಾಡಿನೋಡುವ ಸಾಹಸ ಬೇಡ. 1954ರ ಕಾಯಿದೆಯ ಸ್ಥಾನಕ್ಕೆ ಮುಂದೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿದೆ.

ವನಸ್ಪತಿಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಜಲಜನಕವನ್ನು ಅರೆಬರೆಯಾಗಿ ಸೇರಿಸುವಾಗ ಎಣ್ಣೆಯ ಕೆಲವು ಅಣುಗಳ ಬಾಗು ತ್ರಾನ್ಸ್ ಎಂಬ ಬೇರೊಂದು ರೀತಿಗೆ ತಿರುಗಿಕೊಳ್ಳುತ್ತದೆ. ಈ ಟ್ರಾನ್ಸ್ ಕೊಬ್ಬು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುತ್ತದೆಂದು 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟಾನ್ ಎಂಬ ವಿಜ್ಞಾನಿಗಳು ತೋರಿಸಿದರು. ಹೃದಯಕ್ಕೆ ಇದರಿಂದ ಹಾನಿಯೆಂಬುದು ಮುಂದೆ ದೃಢಪಟ್ಟಿತು. ಕೊಬ್ಬು ಮತ್ತು ಎಣ್ಣೆಗಳಲ್ಲಿ ಇದು ನೂರಕ್ಕೆ ಎರಡು ಪಾಲನ್ನು ಮೀರಕೂಡದೆಂಬ ನಿಯಮ 2022ರ ಜನವರಿಯಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿತು. ಎಣ್ಣೆ ಗಟ್ಟಿಯಾಯಿತು ಅಷ್ಟೆ ಎಂದುಕೊಂಡು ಉಂಡವರಿಗೆ, ಒಳಗೆ ದ್ರವ್ಯವೇ ಬದಲಾಗಿದೆಯೆಂದು ತಿಳಿಯುವುದಕ್ಕೆ ಅರ್ಧ ಶತಮಾನವೇ ಬೇಕಾಯಿತು.

ಆದ್ದರಿಂದ ಒಂದು ವಸ್ತು ಬೇರೆಯಾಗಿ ಕಂಡಾಗ ಬೆರಗಾಗಿ ನಿಲ್ಲುವುದೂ ಸಾಲದು, ಏನೂ ಆಗಲಿಲ್ಲವೆಂದು ತಳ್ಳಿಹಾಕುವುದೂ ಸಾಲದು. ಬಿಸಿ ಮಾಡಿ ನೋಡಿ, ಆರಿಸಿ ನೋಡಿ, ತೂಗಿ ನೋಡಿ. ಹಳೆಯ ಗುಣಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ, ಹೊಸದಾಗಿ ಬಂದದ್ದೇನು ಎಂದು ವಿಚಾರಿಸಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹೆಪ್ಪಿನ ಬಟ್ಟಲು, ಕಡೆಗೋಲು, ಗೋಡೆಯ ಸುಣ್ಣ, ಸಾಬೂನಿನ ಬಿಲ್ಲೆ, ಇವೇ ಅವರ ಪ್ರಯೋಗಶಾಲೆ.

ಮುಂದಿನ ಸಂಕ್ರಾಂತಿಗೆ ಶಿವಗಂಗೆಯ ಜಾತ್ರೆಗೆ ಹೋಗುವವರು ಗರ್ಭಗುಡಿಯಲ್ಲಿ ಇನ್ನೊಂದು ಕಡೆಗೂ ಕಣ್ಣು ಹಾಯಿಸಿ. ಲಿಂಗದ ಮೇಲೆ ಸವರಿದ ತುಪ್ಪವನ್ನೇ ಹಣತೆಗೂ ಎರೆಯಬಹುದು. ಅಲ್ಲಿ ಅದು ಕರಗುತ್ತದೆ, ಬತ್ತಿಯ ಎಳೆ ಹಿಡಿದು ಮೇಲೇರುತ್ತದೆ, ಆವಿಯಾಗುತ್ತದೆ. ಅಲ್ಲಿಯ ತನಕ ಬಹುಮಟ್ಟಿಗೆ ಅದು ತುಪ್ಪದ ಕೊಬ್ಬೇ. ಜ್ವಾಲೆಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿದ ಮೇಲೆ ಇಂಗಾಲಾಮ್ಲ ಅನಿಲವೂ ನೀರಿನ ಆವಿಯೂ ಆಗಿ ಹೋಗುತ್ತದೆ. ಒಂದು ಕಿಲೋ ತುಪ್ಪ ಪೂರ್ತಿ ಉರಿದರೆ ಹುಟ್ಟುವ ನೀರು ಒಂದು ಕಿಲೋಗಿಂತ ತುಸು ಹೆಚ್ಚೇ. ಕಲ್ಲಿನ ಮೇಲಿನ ತುಪ್ಪವನ್ನು ಮನೆಗೆ ತಂದು ಬೆಚ್ಚಗೆ ಮಾಡಿದರೆ ತುಪ್ಪವೇ ಸಿಕ್ಕುತ್ತದೆ. ಹಣತೆಯ ತುಪ್ಪ ಬೆಳಕು ಕೊಟ್ಟು ಹೋಯಿತು. ಅದನ್ನು ಹಿಂದಕ್ಕೆ ತರುವ ಕೈ ಯಾವುದೂ ಇಲ್ಲ.